ಸ್ಕೂಬಾ ಡೈವಿಂಗಿನ ಹಳೆಯ ರೆಗ್ಯುಲೇಟರ್ (ಸಿಲಿಂಡರಿನಿಂದ ಉಸಿರಾಡುವ ಸಾಧನ) ಸೆಟ್ ಕೊಳ್ಳಬಹುದಾ? ವರ್ಷಕ್ಕೆ 10–12 ಡೈವ್ ಮಾಡುವವರು ಮೊದಲು ಯಾವ ಸಾಮಾನು ತಗೋಬೇಕು?

ಮಲೆನಾಡಿಗ

ಎಲ್ಲರಿಗೂ ನಮಸ್ಕಾರ. ಡೈವಿಂಗಿನ ಮೊದಲ ಹಂತದ ಓಪನ್ ವಾಟರ್ ಕೋರ್ಸ್ ಮುಗಿದಿದೆ, ಒಟ್ಟು 14 ಡೈವ್ ಆಗಿದೆ. ಇರೋದು ಬೆಂಗಳೂರಲ್ಲಿ. ಸೀಸನ್ನಲ್ಲಿ ಮುರ್ಡೇಶ್ವರಕ್ಕೆ ಹೋಗಿ ನೇತ್ರಾಣಿ ದ್ವೀಪದಲ್ಲಿ, ಆಗೊಮ್ಮೆ ಈಗೊಮ್ಮೆ ಅಂಡಮಾನಲ್ಲಿ, ಹೀಗೆ ವರ್ಷಕ್ಕೆ 10–12 ಡೈವ್ ಆಗುತ್ತೆ. ಇಲ್ಲಿವರೆಗೆ ಎಲ್ಲಾ ಬಾಡಿಗೆ ಸಾಮಾನು.

ಈಗ ಒಬ್ಬರು ತಮ್ಮ ಸೆಟ್ ಮಾರ್ತಿದ್ದಾರೆ. ಸ್ಕೂಬಾಪ್ರೋ ಎಂಕೆ2 ಫಸ್ಟ್ ಸ್ಟೇಜ್ (ಸಿಲಿಂಡರಿಗೆ ಕೂರಿಸಿ ಒತ್ತಡ ಇಳಿಸೋ ಭಾಗ), ಆರ್195 ಸೆಕೆಂಡ್ ಸ್ಟೇಜ್ (ಬಾಯಲ್ಲಿ ಕಚ್ಚಿ ಉಸಿರಾಡೋ ಭಾಗ), ಆಕ್ಟೋಪಸ್ (ತುರ್ತಿಗೆ ಇರೋ ಇನ್ನೊಂದು ಸೆಕೆಂಡ್ ಸ್ಟೇಜ್), ಪ್ರೆಶರ್ ಗೇಜ್, ಜೊತೆಗೆ ಜಾಕೆಟ್ ಮಾದರಿಯ ಬಿಸಿಡಿ (ಗಾಳಿ ತುಂಬಿಸಿ ತೇಲುವಿಕೆ ಹೊಂದಿಸೋ ಅಂಗಿ). ಯೋಕ್ ಕನೆಕ್ಷನ್, ಅಂದ್ರೆ ಸಿಲಿಂಡರ್ ವಾಲ್ವಿಗೆ ಕ್ಲಾಂಪಿನಂತೆ ಬಿಗಿಯೋದು. ಒಟ್ಟು 32,000 ರೂಪಾಯಿ ಕೇಳ್ತಿದ್ದಾರೆ. ಆರು ವರ್ಷ ಹಳೇದು, 40 ಡೈವ್ ಕೂಡ ಆಗಿಲ್ಲ ಅಂತಾರೆ. ಸರ್ವಿಸ್ ಮಾಡಿಸಿದ ಕಾಗದ ಯಾವುದೂ ಇಲ್ಲ.

ಕೇಳಬೇಕಾಗಿರೋದು ಮೂರು. ನನ್ನಷ್ಟು ಡೈವ್ ಮಾಡೋರಿಗೆ ಸ್ವಂತ ರೆಗ್ಯುಲೇಟರ್ ಬೇಕಾ? ದುಡ್ಡು ಕೊಡೋ ಮುಂಚೆ ಏನೇನು ಪರೀಕ್ಷೆ ಮಾಡಬೇಕು? ಬಿಸಿಡಿ ಸರಿಯಿದೆ ಅಂತ ತಿಳ್ಕೊಳ್ಳೋದು ಹೇಗೆ?

ಅಳಿವೆಬಾಗಿಲು

ಮೊದಲ ಪ್ರಶ್ನೆಗೆ ಉತ್ತರ: ಈಗಲೇ ಬೇಡ. ನಿಮ್ಮ ಲೆಕ್ಕದಲ್ಲಿ ಮೊದಲು ಮಾಸ್ಕ್, ಆಮೇಲೆ ಡೈವ್ ಕಂಪ್ಯೂಟರ್ (ಆಳ, ಸಮಯದ ಲೆಕ್ಕ ಇಡುವ ಪುಟ್ಟ ಸಾಧನ), ಅದಾದ ಮೇಲೆ ಫಿನ್ಸ್ (ಕಾಲಿಗೆ ಹಾಕುವ ಈಜುರೆಕ್ಕೆ). ರೆಗ್ಯುಲೇಟರ್ ವರ್ಷಕ್ಕೆ 12 ಸಲ ಬಳಸಿದರೂ ಸರ್ವಿಸ್ ಖರ್ಚು ತಪ್ಪದು. ಕೆಲವು ಕಂಪನಿಗಳು ವರ್ಷಕ್ಕೊಮ್ಮೆ ಅನ್ನುತ್ತವೆ, ಕೆಲವು ಎರಡು ವರ್ಷ ಅಥವಾ 100 ಡೈವ್, ಯಾವುದು ಮೊದಲೋ ಅದು ಅನ್ನುತ್ತವೆ. ಉಪ್ಪುನೀರು ಕಂಡ ರಬ್ಬರು ಕಪಾಟಿನೊಳಗೆ ಕೂತೇ ಹಳತಾಗುತ್ತದೆ.

ಮಾಸ್ಕ್ ಮಾತ್ರ ಬಾಡಿಗೆಗೆ ತರಬಾರದು, ಯಾಕೆಂದರೆ ಅದು ಮುಖದ ಅಳತೆಯ ವಸ್ತು. ಪಟ್ಟಿಯನ್ನು ಹಿಂದಕ್ಕೆ ಬಿಟ್ಟು ಮಾಸ್ಕನ್ನು ಮುಖಕ್ಕೆ ಮೆಲ್ಲಗೆ ಒತ್ತಿ, ಮೂಗಿನಿಂದ ಸ್ವಲ್ಪ ಉಸಿರು ಎಳೆದು ಹಿಡಿಯಿರಿ. ಕೈ ಬಿಟ್ಟರೂ ಮಾಸ್ಕ್ ಬೀಳದೆ ನಿಲ್ಲಬೇಕು. ಇದೇ ಪರೀಕ್ಷೆಯನ್ನು ಬಾಯಲ್ಲಿ ರೆಗ್ಯುಲೇಟರಿನ ಮೌತ್‌ಪೀಸ್ ಕಚ್ಚಿಕೊಂಡು ಇನ್ನೊಮ್ಮೆ ಮಾಡಿ. ಬಾಯಿ ತೆರೆದಾಗ ಕೆನ್ನೆಯ ಆಕಾರ ಬದಲಾಗಿ, ಅಂಗಡಿಯಲ್ಲಿ ಸರಿಯಾಗಿ ಕೂತ ಮಾಸ್ಕ್ ನೀರಿನಲ್ಲಿ ಸೋರುವುದುಂಟು. ಗಾಜಿನ ಮೇಲೆ ಟೆಂಪರ್ಡ್ ಅನ್ನುವ ಗುರುತು ಇರಲೇಬೇಕು. ಮೀಸೆ ಇದ್ದರೆ ಮೂಗಿನ ಕೆಳಗೆ ಸ್ಕರ್ಟ್ (ಮಾಸ್ಕಿನ ಮೆತ್ತನೆ ಅಂಚು) ಕೂರುವ ಜಾಗದಲ್ಲಿ ಬೆರಳಗಲ ಬೋಳಿಸುವುದು ಒಳ್ಳೆಯದು. ಅದು ಮನಸ್ಸಿಗೆ ಬಾರದಿದ್ದರೆ ಅಲ್ಲಿಗೆ ಸಿಲಿಕೋನ್ ಗ್ರೀಸ್ ಹಚ್ಚಿ. ಹೊಸ ಮಾಸ್ಕಿನ ಗಾಜಿನ ಒಳಮೈಯಲ್ಲಿ ಅಚ್ಚಿನ ಸಿಲಿಕೋನ್ ಪದರ ಉಳಿದಿರುತ್ತದೆ, ಮಂಜು ಹಿಡಿಯುವುದಕ್ಕೆ ಕಾರಣ ಅದೇ. ಜೆಲ್ ಅಲ್ಲದ ಬಿಳಿ ಟೂತ್‌ಪೇಸ್ಟ್ ಹಾಕಿ ಬೆರಳಲ್ಲಿ ನಾಲ್ಕೈದು ಸಲ ಉಜ್ಜಿ ತೊಳೆಯಿರಿ. ಗಾಜಿನ ಒಳಗೆ ಕಂಪನಿಯ ಲೇಪನ ಇದ್ದರೆ ಮಾತ್ರ ಉಜ್ಜಬೇಡಿ.

ಇನ್ನು ಕಂಪ್ಯೂಟರ್. ಎಷ್ಟು ಆಳದಲ್ಲಿ ಎಷ್ಟು ಹೊತ್ತು ಇದ್ದಿರಿ ಅನ್ನುವುದು ನಿಮ್ಮ ದೇಹದ ಲೆಕ್ಕ. ಗೈಡ್ ಕೈಯಲ್ಲಿರುವುದು ಅವರ ಲೆಕ್ಕ, ಅವರು ನಿಮಗಿಂತ ಮೂರು ಮೀಟರ್ ಮೇಲೆ ಇದ್ದಿರಬಹುದು. ಬಣ್ಣದ ಪರದೆ, ಬ್ಲೂಟೂತ್ ಯಾವುದೂ ಮುಖ್ಯವಲ್ಲ. ಬ್ಯಾಟರಿ ನೀವೇ ಬದಲಾಯಿಸುವಂತಿದೆಯಾ, ಅದಕ್ಕೆ ಬೇಕಾದ ಓ-ರಿಂಗ್ (ಸೋರದಂತೆ ತಡೆಯುವ ರಬ್ಬರ್ ಬಳೆ) ಸಿಗುತ್ತದಾ ನೋಡಿ. ಹಳೆಯ ಕಂಪ್ಯೂಟರ್ ಕೊಳ್ಳುವುದಾದರೆ ಅಗಲ ಬಾಯಿಯ ಮೆತ್ತನೆ ಪ್ಲಾಸ್ಟಿಕ್ ಡಬ್ಬಿಯಲ್ಲಿ ಗಾಳಿ ಉಳಿಯದಂತೆ ನೀರು ತುಂಬಿ, ಅದರೊಳಗೆ ಮುಳುಗಿಸಿ, ಮುಚ್ಚಳ ಬಿಗಿದು ಎರಡೂ ಕೈಯಲ್ಲಿ ಹಿಸುಕಿ. ಆಳದ ಅಂಕೆ ಮೇಲೇರಬೇಕು, ಬಿಟ್ಟಾಗ ಇಳಿಯಬೇಕು. ಏರಿದ ಅಂಕೆ ಅಲ್ಲೇ ನಿಂತರೆ ಸೆನ್ಸರ್ ಕೆಟ್ಟಿದೆ.

ಬೆಂಗಳೂರಿನವರಿಗೆ ಕಂಪ್ಯೂಟರ್ ಇನ್ನೊಂದು ಕಾರಣಕ್ಕೂ ಬೇಕು, ಡೈವ್ ಮುಗಿದು ಎಷ್ಟು ಹೊತ್ತಾಯಿತು ಅಂತ ಅದು ಲೆಕ್ಕ ಇಡುತ್ತದೆ. ಡೈವ್ ಸುರಕ್ಷತೆಯ ಸಂಸ್ಥೆಯಾದ ಡೈವರ್ಸ್ ಅಲರ್ಟ್ ನೆಟ್‌ವರ್ಕ್ ದೇಹದಲ್ಲಿ ಉಳಿದ ನೈಟ್ರೋಜನ್ ಗುಳ್ಳೆಯಾಗದಿರಲಿ ಅಂತ, ಎತ್ತರಕ್ಕೆ ಹೋಗುವ ಮುಂಚೆ ಕೊಡಬೇಕೆಂದು ಹೇಳುವ ವಿರಾಮ, ಅಂದರೆ ಒಂದೇ ಡೈವಿಗೆ 12 ಗಂಟೆ, ಒಂದಕ್ಕಿಂತ ಹೆಚ್ಚಿದ್ದರೆ 18 ಗಂಟೆ, ವಿಮಾನಕ್ಕೆ ಮಾತ್ರ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಆ ಸಲಹೆಯ ವ್ಯಾಪ್ತಿ ಶುರುವಾಗುವುದು 2000 ಅಡಿ ಎತ್ತರದಿಂದ. ಬೆಂಗಳೂರು ಇರುವುದು ಸುಮಾರು 3000 ಅಡಿಯಲ್ಲಿ. ಮಧ್ಯಾಹ್ನ ಎರಡನೇ ಡೈವ್ ಮುಗಿಸಿ ಸಂಜೆಯ ಬಸ್ಸಿನಲ್ಲಿ ಘಟ್ಟ ಹತ್ತುವುದು ಅದಕ್ಕೆ ನೇರ ವಿರುದ್ಧ. ಆ ರಾತ್ರಿ ಕರಾವಳಿಯಲ್ಲೇ ಉಳಿದು ಮರುದಿನ ಹೊರಡಿ.

ಸ್ಪ್ಯಾನರ್ 19

ಕೊಳ್ಳುವುದೋ ಬೇಡವೋ ಅನ್ನುವುದರಲ್ಲಿ ಮೇಲಿನವರ ಮಾತನ್ನು ಒಪ್ಪುತ್ತೇನೆ. ಆದರೂ ಎಂಕೆ2 ಕೆಟ್ಟ ಆಯ್ಕೆ ಅಲ್ಲ, ಅದಕ್ಕೇ ಪರೀಕ್ಷೆಯ ಕ್ರಮ ಬರೆಯುತ್ತೇನೆ. ಅದು ಅನ್‌ಬ್ಯಾಲೆನ್ಸ್ಡ್ ಪಿಸ್ಟನ್. ಒಳಗೆ ಚಲಿಸುವ ಭಾಗ ಕಡಿಮೆ, ರಿಪೇರಿ ಸುಲಭ. ಸಿಲಿಂಡರ್ ಖಾಲಿಯಾಗುತ್ತ ಬಂದಂತೆ ಉಸಿರು ಕೊಂಚ ಬಿಗಿಯಾಗುತ್ತದೆ. 18 ಮೀಟರಿನ ಡೈವಿಗೆ ಅದು ಅಡ್ಡಿಯಲ್ಲ. ನಮ್ಮಲ್ಲಿ ಡೈವ್ ಸೆಂಟರಿನವರು ಕೊಡುವುದು ಹೆಚ್ಚಾಗಿ 11.1 ಲೀಟರಿನ ಅಲ್ಯೂಮಿನಿಯಂ ಸಿಲಿಂಡರ್, ಹಾಗಾಗಿ ಯೋಕ್ ಇರುವುದು ಅನುಕೂಲವೇ.

ಸಿಲಿಂಡರ್ ಇಲ್ಲದೆ ಮಾಡುವ ಪರೀಕ್ಷೆಗಳಿಂದ ಶುರು ಮಾಡಿ. ಡಸ್ಟ್ ಕ್ಯಾಪ್ ಬಿಚ್ಚಿ ಫಸ್ಟ್ ಸ್ಟೇಜಿನ ಬಾಯಲ್ಲಿರುವ ಲೋಹದ ಫಿಲ್ಟರನ್ನು ಟಾರ್ಚ್ ಬೆಳಕಲ್ಲಿ ನೋಡಿ. ಮಾಸಲು ಬೆಳ್ಳಿ ಬಣ್ಣ ಇದ್ದರೆ ಒಳ್ಳೆಯದು. ಹಸಿರು ಅಂದರೆ ಉಪ್ಪುನೀರು ಒಳಹೊಕ್ಕಿದೆ. ಕೆಂಪು ಕಂದು ಅಂದರೆ ಉಕ್ಕಿನ ಸಿಲಿಂಡರಿನ ತುಕ್ಕು. ಕಪ್ಪು ಪುಡಿ ಅಂದರೆ ಕಂಪ್ರೆಸರ್ ಫಿಲ್ಟರಿನ ಇದ್ದಿಲು. ಆಮೇಲೆ ಆ ಬಾಯನ್ನು ಹೆಬ್ಬೆರಳಿಂದ ಗಟ್ಟಿಯಾಗಿ ಮುಚ್ಚಿ ಸೆಕೆಂಡ್ ಸ್ಟೇಜಿನಿಂದ ಉಸಿರೆಳೆಯಿರಿ. ಏನೂ ಬರಬಾರದು, ನಾಲಗೆ ಅಂಟಿಕೊಳ್ಳುವಷ್ಟು ಬಿಗಿಯಾಗಬೇಕು. ಸ್ವಲ್ಪವಾದರೂ ಗಾಳಿ ಬಂದರೆ ಡಯಾಫ್ರಮ್ (ಒಳಗಿನ ರಬ್ಬರ್ ಪರದೆ) ಹರಿದಿದೆ, ಇಲ್ಲವೇ ಎಕ್ಸಾಸ್ಟ್ ವಾಲ್ವ್ (ಬಿಟ್ಟ ಉಸಿರು ಹೊರಹೋಗುವ ವಾಲ್ವ್) ಮಡಿಚಿಕೊಂಡಿದೆ, ಇಲ್ಲವೇ ಮೌತ್‌ಪೀಸಿನ ಪಟ್ಟಿಯ ಅಡಿಯಲ್ಲಿ ತೂತಾಗಿದೆ. ನೀರಿನಡಿ ಅದೇ ದಾರಿಯಲ್ಲಿ ನೀರು ಬಾಯಿಗೆ ಬರುತ್ತದೆ. ಆಕ್ಟೋಪಸ್ಸಿಗೂ ಇದನ್ನೇ ಮಾಡಿ, ಬಹಳ ಜನ ಬಿಡುವುದು ಅದನ್ನೇ.

ಹೋಸಿನ ತುದಿಗಳಲ್ಲಿ ಪ್ಲಾಸ್ಟಿಕ್ ಕವಚ ಇದ್ದರೆ ಅದನ್ನು ಹಿಂದಕ್ಕೆ ಸರಿಸಿ. ಬಿರುಕು ಶುರುವಾಗುವುದು ಅದರಡಿಯಲ್ಲೇ, ಲೋಹಕ್ಕೆ ರಬ್ಬರ್ ಸೇರುವ ಜಾಗದಲ್ಲಿ. ಹೆಣೆದ ಬಟ್ಟೆಯಂಥ ಹೊರಮೈಯ ಹೋಸ್ ಆಗಿದ್ದರೆ ಬಿರುಕು ಕಾಣುವುದಿಲ್ಲ. ಬಿಸಿ ಹವೆಯ ಊರುಗಳಲ್ಲಿ ಕೆಲವು ಅಂಥ ಹೋಸುಗಳ ಒಳಪದರ ಒಡೆದು ಹರಳುಗಟ್ಟಿದ್ದು ಗೊತ್ತಾಗಿದೆ. ಆರು ವರ್ಷದ್ದಾದರೆ ಕೇಳದೇ ಬದಲಾಯಿಸಿ.

ಈಗ ತುಂಬಿದ ಸಿಲಿಂಡರಿಗೆ ಹಾಕಿ. ಬಿಸಿಡಿಗೆ ಹೋಗುವ ಲೋ ಪ್ರೆಶರ್ ಹೋಸಿನ ತುದಿಗೆ ಇಂಟರ್‌ಮೀಡಿಯೇಟ್ ಪ್ರೆಶರ್ ಗೇಜ್ (ಫಸ್ಟ್ ಸ್ಟೇಜ್ ಇಳಿಸಿಕೊಟ್ಟ ಒತ್ತಡ ತೋರಿಸುವ ಗೇಜ್) ಸಿಕ್ಕಿಸಿ ವಾಲ್ವನ್ನು ನಿಧಾನಕ್ಕೆ ತೆರೆಯಿರಿ. ಮಾಡೆಲ್ ಮೇಲೆ ಹೆಚ್ಚು ಕಮ್ಮಿಯಾದರೂ ಸಾಮಾನ್ಯವಾಗಿ 9ರಿಂದ 10 ಬಾರ್ ತೋರಿಸಬೇಕು. ಸೆಕೆಂಡ್ ಸ್ಟೇಜಿನ ಮುಂಭಾಗದ ಪರ್ಜ್ ಬಟನ್ (ಒತ್ತಿದರೆ ಗಾಳಿ ಹರಿಯುವ ಗುಂಡಿ) ಹತ್ತು ಸಲ ಒತ್ತಿ ಬಿಡಿ. ಒತ್ತಿದಾಗ ಮುಳ್ಳು ಬೀಳುತ್ತದೆ, ಬಿಟ್ಟ ತಕ್ಷಣ ಮೊದಲಿನ ಜಾಗಕ್ಕೆ ಬಂದು ನಿಲ್ಲಬೇಕು. ನಿಂತಿತು ಅಂತ ಕೂಡಲೇ ಮುಚ್ಚಬೇಡಿ. 10 ನಿಮಿಷ ಹಾಗೇ ಬಿಟ್ಟು ನೋಡಿ. ಮುಳ್ಳು ಮೆಲ್ಲಮೆಲ್ಲಗೆ ಮೇಲೇರುತ್ತಿದ್ದರೆ ಹೈ ಪ್ರೆಶರ್ ಸೀಟ್ (ಫಸ್ಟ್ ಸ್ಟೇಜಿನೊಳಗೆ ಗಾಳಿ ತಡೆಯುವ ಭಾಗ) ಸವೆದಿದೆ ಅಂತ ಅರ್ಥ. ಏರಿದ ಒತ್ತಡ ಕೊನೆಗೆ ಸೆಕೆಂಡ್ ಸ್ಟೇಜಿನ ವಾಲ್ವನ್ನು ತಳ್ಳಿಕೊಂಡು ಹೊರಬರುತ್ತದೆ, ನೀರಿನಡಿಯ ಫ್ರೀ ಫ್ಲೋಗೆ, ಅಂದರೆ ಗಾಳಿ ತಾನಾಗಿ ಹರಿದುಹೋಗುವುದಕ್ಕೆ, ಇದು ಒಂದು ದೊಡ್ಡ ಕಾರಣ. ಈ ಗೇಜ್ ಇಲ್ಲದೆ ಹಳೆಯ ರೆಗ್ಯುಲೇಟರ್ ಕೊಳ್ಳಬೇಡಿ, "ಉಸಿರಾಡಿ ನೋಡಿದೆ, ಚೆನ್ನಾಗಿದೆ" ಅನ್ನುವುದು ಪರೀಕ್ಷೆ ಅಲ್ಲ.

ಉಸಿರಿನ ಬಿಗಿ ಅಳೆಯುವುದಕ್ಕೆ ಅಡುಗೆಮನೆಯ ಪಾತ್ರೆ ಸಾಕು. ನೀರು ತುಂಬಿ, ಮೌತ್‌ಪೀಸ್ ಮೇಲಕ್ಕೆ, ಪರ್ಜ್ ಮುಖ ಕೆಳಕ್ಕೆ ಮಾಡಿ ಸೆಕೆಂಡ್ ಸ್ಟೇಜನ್ನು ನಿಧಾನವಾಗಿ ಇಳಿಸಿ. ಡಯಾಫ್ರಮ್ ನೀರಿನ ಮಟ್ಟದಿಂದ 2.5ರಿಂದ 4 ಸೆಂಟಿಮೀಟರ್ ಕೆಳಗಿಳಿದಾಗ ಸುಯ್ ಅನ್ನಬೇಕು. ನೀರು ಮುಟ್ಟುವ ಮುಂಚೆಯೇ ಸುಯ್ ಅಂದರೆ ಟ್ಯೂನಿಂಗ್ ಸಡಿಲ, 6–7 ಸೆಂಟಿಮೀಟರ್ ಹೋದರೂ ಸುಮ್ಮನಿದ್ದರೆ ತೀರಾ ಬಿಗಿ.

ಕೊನೆಗೆ ಒತ್ತಡ ಇರುವಾಗಲೇ ಎಲ್ಲವನ್ನೂ ಟಬ್ಬಿನಲ್ಲಿ ಮುಳುಗಿಸಿ ಗುಳ್ಳೆ ನೋಡಿ. ಪ್ರೆಶರ್ ಗೇಜಿನ ಕುತ್ತಿಗೆಯಿಂದ ಸಾಸಿವೆಯಷ್ಟು ಗುಳ್ಳೆಗಳ ಸಾಲು ಬಂದರೆ ಗಾಬರಿ ಬೇಡ, ಅಲ್ಲಿನ ಸ್ವಿವೆಲ್ಲಿನ (ತಿರುಗುವ ಕೀಲಿನ) ಎರಡು ಪುಟ್ಟ ಓ-ರಿಂಗ್ ಹಾಕಿಸಿದರೆ ಮುಗಿಯಿತು. ಗೇಜಿನ ಗಾಜಿನೊಳಗೆ ನೀರಿನ ಹನಿ ಇದ್ದರೆ, ಅಥವಾ ಗಾಳಿ ಬಿಟ್ಟ ಮೇಲೂ ಮುಳ್ಳು ಸೊನ್ನೆಗೆ ಬಾರದಿದ್ದರೆ, ಗೇಜನ್ನೇ ಎಸೆಯಿರಿ. ಸೊನ್ನೆಯ ಬದಲು 20 ತೋರಿಸುವ ಗೇಜ್, ಗಾಳಿ ಮುಗಿಯುವ ಹೊತ್ತಿಗೂ ಇನ್ನೂ 20 ಬಾರ್ ಇದೆ ಅಂತ ಸುಳ್ಳು ಹೇಳುತ್ತದೆ.

ಪಡುಗಡಲು

ಬಿಸಿಡಿ ಬಗ್ಗೆ ನಾನು ಹೇಳ್ತೇನೆ. ಬಾಯಿಂದ ಊದಿ, ಇಲ್ಲಾಂದ್ರೆ ಹೋಸ್ ಹಾಕಿ, ರಿಲೀಫ್ ವಾಲ್ವ್ ತಾನಾಗಿ ಗಾಳಿ ಬಿಡುವ ತನಕ ತುಂಬಿಸಿ ಒಂದು ರಾತ್ರಿ ಇಡಿ. ಬೆಳಿಗ್ಗೆ ಒತ್ತಿದರೆ ಗಟ್ಟಿಯಾಗಿರಬೇಕು. ರಾತ್ರಿ ತಂಪಿಗೆ ತುಸು ಮೆತ್ತಗಾಗೋದು ಸಹಜ. ಜೋತು ಬಿದ್ದಿದ್ದರೆ ಸೋಪಿನ ನೀರು ಹಚ್ಚಿ ಸೋರುವ ಜಾಗ ಹುಡುಕಿ. ಡಂಪ್ ವಾಲ್ವಿನಲ್ಲಿ (ಗಾಳಿ ಹೊರಬಿಡುವ ವಾಲ್ವ್) ಸೋರಿದರೆ ಮರಳಿನ ಕಣ ಸಿಕ್ಕಿರಬಹುದು, ಬಿಚ್ಚಿ ತೊಳೆದರೆ ಆಯ್ತು. ಹೊಲಿಗೆಯ ಅಂಚಿನಲ್ಲಿ ಸೋರಿದರೆ ಆ ಬಿಸಿಡಿ ಕೊಳ್ಳೋದೇ ಬೇಡ.

ಇದಕ್ಕಿಂತ ಮುಖ್ಯ, ಬಟನ್ ಒತ್ತಿ ಬಿಸಿಡಿಗೆ ಗಾಳಿ ತುಂಬುವ ಇನ್‌ಫ್ಲೇಟರ್. ಹೋಸ್ ಸಿಕ್ಕಿಸಿ, ಬಿಸಿಡಿ ಖಾಲಿ ಮಾಡಿ, ಹತ್ತು ನಿಮಿಷ ಮುಟ್ಟದೆ ಬಿಡಿ. ತಾನೇ ಉಬ್ಬಿದರೆ ಒಳಗಿನ ವಾಲ್ವಿನಲ್ಲಿ ಉಪ್ಪು ಕಟ್ಟಿದೆ. ಬಟನ್ ಒತ್ತಿದ್ದು ಹಾಗೇ ಸಿಕ್ಕಿಕೊಂಡರೆ ನೀರಿನಡಿಯಿಂದ ತಡೆಯಿಲ್ಲದೆ ಮೇಲಕ್ಕೆ ಎಳೆದುಕೊಂಡು ಹೋಗ್ತದೆ, ಶ್ವಾಸಕೋಶಕ್ಕೆ ಅಪಾಯ. ಒಳಗೆ ಅರ್ಧ ಲೀಟರ್ ಸಿಹಿನೀರು ಹಾಕಿ ಕುಲುಕಿ ಹೊರಗೆ ಬಸಿದು ನಾಲಗೆಗೆ ಒಂದು ಹನಿ ಮುಟ್ಟಿಸಿ. ಉಪ್ಪಾದ್ರೆ ಯಾರೂ ಒಳಗೆ ತೊಳೆದೇ ಇಲ್ಲ.

ಬಿಸಿಡಿಗೆ ಎಷ್ಟು ಲಿಫ್ಟ್ (ಮೇಲೆತ್ತುವ ಬಲ) ಬೇಕು ಅನ್ನೋದಕ್ಕೆ ಲೆಕ್ಕ ಇದೆ. 11.1 ಲೀಟರ್, 207 ಬಾರ್ ಅಂದ್ರೆ ಸುಮಾರು 2300 ಲೀಟರ್ ಗಾಳಿ. ಲೀಟರಿಗೆ 1.2 ಗ್ರಾಂ ಹಿಡಿದರೆ ಸುಮಾರು 2.8 ಕಿಲೋ. ಡೈವ್ ಶುರುವಿನಲ್ಲಿ ನೀವು ಅಷ್ಟು ಭಾರ ಹೆಚ್ಚು ಹೊತ್ತಿರ್ತೀರಿ, ಅದರ ಮೇಲೆ 3 ಮಿಲಿಮೀಟರ್ ಸೂಟ್ ಆಳದಲ್ಲಿ ಕುಗ್ಗಿ ಕಳೆದುಕೊಳ್ಳುವ ತೇಲುವಿಕೆ ಬೇರೆ. ನಮ್ಮ ಬೆಚ್ಚಗಿನ ನೀರಿಗೆ 12–14 ಕಿಲೋ ಲಿಫ್ಟ್ ಧಾರಾಳ. ದೊಡ್ಡದು ತಗೊಂಡರೆ ನೀರಲ್ಲಿ ಎಳೆತ ಜಾಸ್ತಿ ಅಷ್ಟೇ. ಮುಳುಗೋದಕ್ಕೆ ಕಟ್ಟಿಕೊಳ್ಳುವ ಸೀಸದ ತೂಕ ಪರೀಕ್ಷಿಸುವುದು ಡೈವ್ ಮುಗಿದ ಮೇಲೆ, 50 ಬಾರ್ ಉಳಿದಿರುವಾಗ. ಬಿಸಿಡಿ ಖಾಲಿ ಮಾಡಿ ಮಾಮೂಲು ಉಸಿರು ಹಿಡಿದರೆ ನೀರು ಕಣ್ಣಿನ ಮಟ್ಟಕ್ಕೆ ನಿಲ್ಲಬೇಕು. ತುಂಬಿದ ಸಿಲಿಂಡರಲ್ಲಿ ನೋಡಿದರೆ ಆ ಮೇಲೆ 2 ಕಿಲೋ ಸೇರಿಸಿ.

ಮಲೆನಾಡಿಗ

ತುಂಬಾ ಉಪಕಾರ ಆಯ್ತು. ಡೈವ್ ಸೆಂಟರ್ ಒಂದರಲ್ಲಿ ಎಲ್ಲಾ ಪರೀಕ್ಷೆ ಮಾಡಿಸಿದೆ. ಫಿಲ್ಟರಿನ ಅಂಚಲ್ಲಿ ಹಸಿರು ಇದೆ. ಇಂಟರ್‌ಮೀಡಿಯೇಟ್ ಪ್ರೆಶರ್ ಮೊದಲು 9.2 ಬಾರ್ ಇತ್ತು, ಹತ್ತು ನಿಮಿಷದಲ್ಲಿ 10.8ಕ್ಕೆ ಬಂತು, ಇನ್ನೂ ಏರ್ತಾನೇ ಇತ್ತು. ಬಿಸಿಡಿ ರಾತ್ರಿಯಿಡೀ ಗಟ್ಟಿಯಾಗಿ ನಿಂತಿದೆ, ಇನ್‌ಫ್ಲೇಟರ್ ಸರಿ ಇದೆ. ಮಾರೋರು 26,000ಕ್ಕೆ ಇಳಿದಿದ್ದಾರೆ. ಸರ್ವಿಸ್ ಕಿಟ್ (ಸವೆಯೋ ಭಾಗಗಳ ಹೊಸ ಸೆಟ್) ಹಾಕಿಸಿದ್ರೆ ಸರಿಹೋಗುತ್ತಾ?

ಇನ್ನೊಂದು. ಆನ್‌ಲೈನಲ್ಲಿ ಕೈಪಂಪಿನ ಜೊತೆ ಅರ್ಧ ಲೀಟರಿನ ಪುಟ್ಟ ಸಿಲಿಂಡರ್ ಮಾರ್ತಾರಲ್ಲ, ಅದನ್ನ ತುರ್ತಿಗೆ ಅಂತ ಇಟ್ಕೋಬಹುದಾ?

ಸ್ಪ್ಯಾನರ್ 19

ಕಿಟ್ಟಿನಿಂದ ಸರಿಹೋಗಬಹುದು, ಹೋಗದೆಯೂ ಇರಬಹುದು, ಬಿಚ್ಚದೆ ಹೇಳಲಾಗದು. ಸವೆದಿರುವುದು ಸೀಟ್ ಮಾತ್ರವಾದರೆ ಕಿಟ್ ಸಾಕು. ಫಿಲ್ಟರ್ ಹಸಿರಾಗಿದೆ ಅಂದಮೇಲೆ ಉಪ್ಪುನೀರು ಒಳಗೆ ಹೋಗಿ ಒಣಗಿದೆ. ಸೀಟ್ ಕೂರುವ ಲೋಹದ ಅಂಚಿನಲ್ಲಿ ಗುಳಿ ಬಿದ್ದಿದ್ದರೆ ಹೊಸ ಸೀಟೂ ಸೋರುತ್ತದೆ. ಹೀಗೆ ಮಾಡಿ: ಮಾರುವವರ ಖರ್ಚಿನಲ್ಲಿ ಸರ್ವಿಸ್ ಮಾಡಿಸಿ, ಬದಲಾಯಿಸಿದ ಹಳೆಯ ಭಾಗಗಳನ್ನೂ ಕೊನೆಯ ಒತ್ತಡದ ಅಂಕೆ ಬರೆದ ಚೀಟಿಯನ್ನೂ ಕೇಳಿ ಪಡೆಯಿರಿ. ಅದಕ್ಕೆ ಒಪ್ಪದಿದ್ದರೆ ಬಿಸಿಡಿ ಒಂದನ್ನೇ ಬೇರೆ ಬೆಲೆಗೆ ಕೇಳಿ. ಫಸ್ಟ್ ಸ್ಟೇಜ್ ಕಿಟ್, ಎರಡು ಸೆಕೆಂಡ್ ಸ್ಟೇಜ್ ಕಿಟ್, ಮೂರು ಲೋ ಪ್ರೆಶರ್ ಹೋಸ್, ಕೂಲಿ ಎಲ್ಲದರ ದರವನ್ನು ಸರ್ವಿಸ್ ಮಾಡುವವರ ಹತ್ತಿರ ಮೊದಲೇ ಬರೆಸಿಕೊಂಡು 26,000ಕ್ಕೆ ಕೂಡಿಸಿ, ಹೊಸ ಸೆಟ್ಟಿನ ಬೆಲೆಯ ಪಕ್ಕದಲ್ಲಿಟ್ಟು ನೋಡಿ.

ರೆಗ್ಯುಲೇಟರಿಗೆ ನೀರು ಹೀಗೆ ನುಗ್ಗುವುದು ಹೆಚ್ಚಾಗಿ ತೊಳೆಯುವಾಗ. ಡಸ್ಟ್ ಕ್ಯಾಪ್ ಒರೆಸಿ, ಬಿಗಿ ಮಾಡಿ, ಆಮೇಲೆ ಅರ್ಧ ಗಂಟೆ ಸಿಹಿನೀರಲ್ಲಿ ನೆನೆಸಬೇಕು. ಒತ್ತಡ ಇಲ್ಲದಾಗ ನೀರಿನೊಳಗೆ ಪರ್ಜ್ ಬಟನ್ ಒತ್ತಿದರೆ ವಾಲ್ವ್ ತೆರೆದುಕೊಂಡು ನೀರು ಹೋಸಿನ ಮೂಲಕ ಫಸ್ಟ್ ಸ್ಟೇಜಿಗೇ ಹತ್ತುತ್ತದೆ.

ಅಳಿವೆಬಾಗಿಲು

ಪುಟ್ಟ ಸಿಲಿಂಡರ್ ಬೇಡ. ಅರ್ಧ ಲೀಟರಿಗೆ 200 ಬಾರ್ ತುಂಬಿದರೂ 100 ಲೀಟರ್ ಗಾಳಿ. ನಿಮಿಷಕ್ಕೆ 20 ಲೀಟರ್ ಉಸಿರಾಡುವವರು 10 ಮೀಟರ್ ಆಳದಲ್ಲಿ 40 ಲೀಟರ್ ಖರ್ಚು ಮಾಡುತ್ತಾರೆ, ಅಂದರೆ ಎರಡೂವರೆ ನಿಮಿಷ, ಗಾಬರಿಯಲ್ಲಿ ಅದರ ಅರ್ಧ. ಅಂಗಳದ ತೇವದ ಗಾಳಿಯನ್ನು ಕೈಪಂಪಿನಲ್ಲಿ ತುಂಬಿದರೆ ಒಳಗೆ ನೀರು ನಿಲ್ಲುತ್ತದೆ. ಮನೆಯ ಬೇರೆಯವರು, ಮಕ್ಕಳು ಈಜುಕೊಳದಲ್ಲಿ ಆಟಕ್ಕೆ ಬಳಸುವ ಭಯ ಇನ್ನೂ ದೊಡ್ಡದು. ಒತ್ತಡದ ಗಾಳಿ ಎಳೆದು ಉಸಿರು ಹಿಡಿದು ಮೇಲೆ ಬಂದರೆ ಒಂದೆರಡು ಮೀಟರ್ ಆಳದಿಂದಲೂ ಶ್ವಾಸಕೋಶ ಹರಿಯಬಹುದು. ತುರ್ತಿಗೆ ನಿಮ್ಮ ಜೊತೆ ಡೈವ್ ಮಾಡುವ ಸಂಗಾತಿಯ ಆಕ್ಟೋಪಸ್ ಇದೆ. ದೋಣಿಯಿಂದ ಹಾರುವ ಮುಂಚೆ ಅದರಿಂದ ನಾಲ್ಕು ಸಲ ಉಸಿರೆಳೆದು, ಆಗ ಪ್ರೆಶರ್ ಗೇಜಿನ ಮುಳ್ಳು ಅಲುಗಾಡುವುದಿಲ್ಲ ಅಂತ ನೋಡಿಕೊಳ್ಳಿ. ಮುಳ್ಳು ಕುಣಿದರೆ ಸಿಲಿಂಡರ್ ವಾಲ್ವ್ ಪೂರ್ತಿ ತೆರೆದಿಲ್ಲ.