ಪಂಕ್ತಿಯಲ್ಲಿ ಸಾರು ಚೆಲ್ಲಿದಾಗ ನನಗೇಕೆ ನಗು ಬಂತು?

ಪ್ರಶ್ನೆ:
ಕಳೆದ ವಾರ ಸೋದರಮಾವನ ಮನೆಯ ಗೃಹಪ್ರವೇಶದಲ್ಲಿ ಬಡಿಸಲು ನಿಂತಿದ್ದೆ. ಎರಡನೆಯ ಪಂಕ್ತಿಯಲ್ಲಿ ಸೌಟು ಕೈಜಾರಿ, ಹಿರಿಯರೊಬ್ಬರ ಜರಿಯಂಚಿನ ಪಂಚೆಯ ಮೇಲೆ ತಿಳಿಸಾರು ಚೆಲ್ಲಿತು. ಸುಟ್ಟಿತೇ ಎಂದು ವಿಚಾರಿಸಬೇಕಾಗಿದ್ದ ನಾನು ನಕ್ಕುಬಿಟ್ಟೆ. "ನಗುವಂಥದ್ದೇನಾಯಿತಪ್ಪಾ?" ಎಂದು ಅವರು ಕೇಳಿದೊಡನೆ ಕಿವಿಯವರೆಗೂ ಬಿಸಿಯೇರಿ, ಹಪ್ಪಳದ ಬುಟ್ಟಿ ಹಿಡಿದು ನನ್ನ ಹಿಂದೆ ಬರುತ್ತಿದ್ದ ಅಡುಗೆಯವರ ಕಡೆಯ ಹುಡುಗನನ್ನು ತೋರಿಸಿ, "ಇವನು ಮೊಣಕೈ ತಾಗಿಸಿದ" ಎಂದೆ. ಅವನು ತಾಗಿಸಿರಲಿಲ್ಲ. ಅಂದಿನಿಂದ ನನಗೆ ಸಮಾಧಾನವಿಲ್ಲ. ಮುಜುಗರವಾದಾಗ ಮನುಷ್ಯ ಹೀಗೇಕೆ ನಡೆದುಕೊಳ್ಳುತ್ತಾನೆ? ಇದನ್ನು ತಡೆಯಲು ಸಾಧ್ಯವೇ?

ಉತ್ತರ 1:
ತಮ್ಮ ನಗು ಉಡಾಫೆಯದಲ್ಲ. ಮುಜುಗರಗೊಂಡವರು ಕಣ್ಣು ಕೆಳಗಿಳಿಸುತ್ತಾರೆ, ತುಟಿ ಬಿಗಿಹಿಡಿದರೂ ನಗು ಹೊರಬೀಳುತ್ತದೆ, ಮುಖ ಪಕ್ಕಕ್ಕೆ ಹೊರಳುತ್ತದೆ, ಕೆಲವರ ಕೈ ತಾನಾಗಿ ಕೆನ್ನೆಗೋ ಹಣೆಗೋ ಹೋಗುತ್ತದೆ. ಅಮೆರಿಕದ ಮನೋವಿಜ್ಞಾನಿ ಡಾಕರ್ ಕೆಲ್ಟ್ನರ್ 1995ರಲ್ಲಿ ಈ ಚಹರೆಗಳನ್ನು ಕ್ರಮವಾಗಿ ದಾಖಲಿಸಿದರು. ತಪ್ಪಾಯಿತೆಂದು ಬಾಯಿ ಹೇಳುವ ಮೊದಲೇ ದೇಹ ಹೇಳುವ ರೀತಿ ಇದು. ಸೆಮಿನ್ ಮತ್ತು ಮ್ಯಾನ್‌ಸ್ಟೆಡ್ ಎಂಬ ಮನೋವಿಜ್ಞಾನಿಗಳು 1982ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಅಂಗಡಿಯಲ್ಲಿ ಪೇರಿಸಿಟ್ಟ ಕಾಗದದ ಸುರುಳಿಗಳನ್ನು ಬೀಳಿಸಿದವನನ್ನು ವೀಡಿಯೊದಲ್ಲಿ ನೋಡಿದವರು, ಏನೂ ಆಗದವನಂತೆ ಹೊರಟುಹೋದವನಿಗಿಂತ ಮುಜುಗರಪಟ್ಟು ಅವನ್ನು ಮತ್ತೆ ಜೋಡಿಸಿಟ್ಟವನನ್ನೇ ಹೆಚ್ಚು ಮೆಚ್ಚಿದರು. ಆದರೆ ಆ ಹಿರಿಯರಿಗೆ ತಮ್ಮ ನಗುವಷ್ಟೇ ಕಂಡಿತು, ಅದರ ಹಿಂದೆಯೇ ಬರಬೇಕಾಗಿದ್ದ ಮಾತು ಬರಲಿಲ್ಲ.

ಉತ್ತರ 2:
ತಡೆಯುವ ವಿಷಯಕ್ಕೆ ಬಂದರೆ, ಮುಖಕ್ಕೆ ಬಿಸಿಯೇರುವುದನ್ನು ಹತ್ತಿಕ್ಕಲು ಹೋದಷ್ಟೂ ಗಮನ ನಮ್ಮ ಮೇಲೆಯೇ ನಿಂತು ಅದು ಹೆಚ್ಚುತ್ತದೆ ಎಂಬುದನ್ನು ಚಾರ್ಲ್ಸ್ ಡಾರ್ವಿನ್ 1872ರಷ್ಟು ಹಿಂದೆಯೇ ಗುರುತಿಸಿದ್ದರು. ನನ್ನ ಅನುಭವವೂ ಅದೇ. ಆ ಗಳಿಗೆಯಲ್ಲಿ ಕೈಗೊಂದು ಕೆಲಸ ಕೊಡುವುದು ಒಳ್ಳೆಯದು: ಸೌಟು ಕೆಳಗಿಟ್ಟು, ಹೆಗಲ ಮೇಲಿನ ಟವೆಲ್ಲನ್ನು ಅವರ ಕೈಗೆ ಕೊಟ್ಟು, ನೀರು ತಂದುಬಿಟ್ಟರೆ ಗಮನ ನಮ್ಮಿಂದ ಅವರ ಕಡೆಗೆ ಸರಿಯುತ್ತದೆ.

ಉತ್ತರ 3:
ನಗುವಿನ ಬಗ್ಗೆ ಇಷ್ಟು ಚರ್ಚೆ ನಡೆದಿರುವಾಗ ಆ ಹುಡುಗನ ಮಾತನ್ನು ಯಾರೂ ಎತ್ತದಿರುವುದು ನನಗೆ ನೋವು ತಂದಿದೆ. ನಗು ತಮ್ಮ ಹಿಡಿತದಲ್ಲಿರಲಿಲ್ಲ ಎಂಬುದನ್ನು ಒಪ್ಪುತ್ತೇನೆ, ಆದರೆ ಬೆರಳು ತೋರಿಸಿದ್ದು ಹಾಗಲ್ಲ. ಮುಜುಗರವನ್ನು ಸಹಿಸಲಾರದವರು ಅದನ್ನು ತಮಗಿಂತ ಕೆಳಗೆ ನಿಂತವರ ಹೆಗಲಿಗೆ ದಾಟಿಸುವುದನ್ನು ನಾನು ಮನೆಯಲ್ಲೂ ಕಚೇರಿಯಲ್ಲೂ ಕಂಡಿದ್ದೇನೆ. ಎದುರು ಮಾತನಾಡಿದರೆ ಕೂಲಿಗೆ ಕುತ್ತು ಬರುತ್ತದೆ ಎಂದು ಅವರು ಸುಮ್ಮನಿರುತ್ತಾರೆ. ಪಂಚೆಯ ಕಲೆ ಒಗೆದರೆ ಹೋಗುತ್ತದೆ. ಪಂಕ್ತಿಯಲ್ಲಿ ಕುಳಿತವರೆಲ್ಲರ ಕಣ್ಣಿಗೆ ಆ ಹುಡುಗ ಇಂದಿಗೂ ತಪ್ಪಿತಸ್ಥನೇ.

ಪ್ರಶ್ನೆ ಕೇಳಿದವರು:
ತಮ್ಮ ಮಾತು ನಿಜ, ತಾಯಿ. ನಿನ್ನೆ ಆ ಹಿರಿಯರ ಮನೆಗೆ ಹೋಗಿ ನಡೆದದ್ದನ್ನು ಇದ್ದಂತೆಯೇ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹುಡುಗನಿಗೆ ಹೇಳಿದೆಯಾ?" ಎಂದಷ್ಟೇ ಕೇಳಿದರು. ಅಡುಗೆಯವರಲ್ಲಿ ವಿಚಾರಿಸಿದಾಗ, ಭಾನುವಾರ ಅವನು ಇನ್ನೊಂದು ಮದುವೆಯಲ್ಲಿ ಬಡಿಸಲು ಬರುತ್ತಾನೆಂದು ತಿಳಿಯಿತು. ಪಂಕ್ತಿ ಏಳುವ ಹೊತ್ತಿಗೆ ಅಲ್ಲಿಗೆ ಹೋಗುತ್ತೇನೆ.