ಸಣ್ಣ ಕೈಗೆ ತೆಳ್ಳನೆಯ ನೆಕ್ಕೇ ಬೇಕೆ?

ಆರನೇತಂತಿ:
ನೈಲಾನ್ ತಂತಿಯ ಕ್ಲಾಸಿಕಲ್ ಗಿಟಾರನ್ನು ಹಲವು ವರ್ಷಗಳಿಂದ ನುಡಿಸುತ್ತಿರುವ ನಾನು ಈಗ ಮೊದಲ ಎಲೆಕ್ಟ್ರಿಕ್ ಗಿಟಾರ್ ಕೊಳ್ಳಲು ಹೊರಟಿದ್ದೇನೆ. ನನ್ನ ಬೆರಳುಗಳು ಗಿಡ್ಡ. ಅದನ್ನು ಕಂಡ ಅಂಗಡಿಯವರು, ಸಣ್ಣ ಕೈಗೆ ತೆಳ್ಳನೆಯ ನೆಕ್ಕೇ (ಎಡಗೈ ಹಿಡಿಯುವ ಉದ್ದನೆಯ ಕತ್ತು) ಸರಿ ಎಂದು ಒಂದು ಗಿಟಾರನ್ನು ಕೈಗಿತ್ತರು. ಮೊದಮೊದಲು ಅದು ಬಹಳ ಹಿತವೆನಿಸಿತಾದರೂ, ಒಂದೇ ಬೆರಳಿನಿಂದ ಹಲವು ತಂತಿಗಳನ್ನು ಒತ್ತುವ ಬಾರ್ ಕಾರ್ಡ್‌ಗಳನ್ನು ಬದಲಿಸುತ್ತ ಹೋದಂತೆ ಹೆಬ್ಬೆರಳಿನ ಬುಡ ಬಿಗಿದು ನೋಯತೊಡಗಿತು. ಪಕ್ಕದಲ್ಲಿದ್ದ, ಅದಕ್ಕಿಂತ ಸಾಕಷ್ಟು ದಪ್ಪ ನೆಕ್ಕಿನ ಇನ್ನೊಂದು ಗಿಟಾರನ್ನು ಅಷ್ಟೇ ಹೊತ್ತು ನುಡಿಸಿದರೂ ಆ ನೋವು ಬರಲಿಲ್ಲ. ಅಂಗಡಿಯವರ ಮಾತಿಗೆ ಆಧಾರವಿದೆಯೆ, ಅಥವಾ ನೆಕ್ಕಿನಲ್ಲಿ ದಪ್ಪವನ್ನು ಬಿಟ್ಟು ಬೇರೇನನ್ನಾದರೂ ನೋಡಬೇಕೆ?

ಮಿಂಚುಬೆರಳು:
ಆಧಾರ ಖಂಡಿತ ಇದೆ. ಐಬನೆಜ್ ಕಂಪನಿಯ ವಿಝರ್ಡ್ 3 ನೆಕ್ ಮೊದಲ ಫ್ರೆಟ್ಟಿನ (ನೆಕ್ಕಿನ ಮೇಲೆ ಅಡ್ಡಲಾಗಿ ಕೂರಿಸಿದ ಲೋಹದ ಪಟ್ಟಿ) ಬಳಿ 19 ಮಿ.ಮೀ., ಹನ್ನೆರಡನೆಯ ಫ್ರೆಟ್ಟಿನ ಬಳಿ 21 ಮಿ.ಮೀ. ದಪ್ಪವಿದೆ. 1950ರ ದಶಕದ ಮಾದರಿಯಲ್ಲಿ ತಯಾರಾಗುವ ಗಿಬ್ಸನ್ ಕಂಪನಿಯ ಲೆಸ್ ಪಾಲ್ ಗಿಟಾರಿನ ನೆಕ್ಕುಗಳು ಮೊದಲ ಫ್ರೆಟ್ಟಿನಲ್ಲಿಯೇ 22 ಮಿ.ಮೀ. ಆಸುಪಾಸಿಗೆ ಬರುತ್ತವೆ. ಈ ಹೆಚ್ಚಿನ ದಪ್ಪವನ್ನು ಸುತ್ತಿಕೊಂಡು ಬರಬೇಕಾದದ್ದು ಬೆರಳೇ ಆದ್ದರಿಂದ, ಗಿಡ್ಡ ಬೆರಳಿನವರು ಕಿರುಬೆರಳನ್ನು ಆರನೆಯ ತಂತಿಯವರೆಗೆ ಒಯ್ಯುವಾಗ ಒಂದೊಂದು ಮಿಲಿಮೀಟರೂ ಲೆಕ್ಕಕ್ಕೆ ಬರುತ್ತದೆ. ವೇಗವಾಗಿ ನುಡಿಸುವವರು ಮೂರು ದಶಕಗಳಿಗೂ ಮೀರಿ ಇಂತಹ ನೆಕ್ಕನ್ನು ಆರಿಸಿಕೊಳ್ಳುತ್ತ ಬಂದಿರುವುದು ಬರಿಯ ಗೀಳಿನಿಂದಲ್ಲ. ನಿಮ್ಮ ನೋವು ಕೈ ಒಗ್ಗುವವರೆಗಿನದು ಎಂದು ನನ್ನ ಅಭಿಪ್ರಾಯ.

ಬೀಟೆಮರ:
ಮಿಂಚುಬೆರಳು ಅವರು ಕೊಟ್ಟ ಅಳತೆಗಳನ್ನು ಒಪ್ಪುತ್ತೇನೆ, ತೀರ್ಮಾನವನ್ನು ಒಪ್ಪಲಾರೆ. ಕ್ಲಾಸಿಕಲ್ ಅಭ್ಯಾಸದವರ ಹೆಬ್ಬೆರಳು ನೆಕ್ಕಿನ ಬೆನ್ನಿನ ನಡುವೆ ನಿಲ್ಲುತ್ತದೆ. ಹಾಗೆ ನಿಂತಾಗ ಹೆಬ್ಬೆರಳಿಗೂ ಉಳಿದ ಬೆರಳುಗಳಿಗೂ ನಡುವಿನ ಅಂತರವನ್ನು ತುಂಬುವುದು ನೆಕ್ಕಿನ ಮರ. ಮರ ಕಡಿಮೆಯಾದಷ್ಟೂ ಕೈ ಮುಚ್ಚಿಕೊಳ್ಳಬೇಕಾಗುತ್ತದೆ, ಮುಚ್ಚಿದ ಕೈಯಿಂದ ಬಾರ್ ಕಾರ್ಡ್ ಒತ್ತುವಾಗ ಹೆಬ್ಬೆರಳಿನ ಬುಡದ ಸ್ನಾಯುವಿನ ಮೇಲೆ ಹೆಚ್ಚು ಭಾರ ಬೀಳುತ್ತದೆ. ತೆಳ್ಳನೆಯ ಪುಸ್ತಕವನ್ನು ಚಿವುಟಿ ಹಿಡಿದು ನಿಲ್ಲುವುದಕ್ಕಿಂತ ಸ್ವಲ್ಪ ದಪ್ಪನೆಯದನ್ನು ಹಿಡಿದು ನಿಲ್ಲುವುದು ಹಗುರವೆನಿಸುವಂತೆಯೇ ಇದು.

ದಪ್ಪ ಒಂದೇ ಆದರೂ ಎರಡು ನೆಕ್ಕುಗಳು ಕೈಗೆ ಬೇರೆಬೇರೆಯಾಗಿ ತಾಗುವುದನ್ನು ಯಾರು ಬೇಕಾದರೂ ಗಮನಿಸಬಹುದು. ಬೆನ್ನಿನ ನಡುಭಾಗ ಎಷ್ಟು ದಪ್ಪವಿದೆ ಎನ್ನುವುದಕ್ಕಿಂತ, ಆ ಬೆನ್ನು ಫ್ರೆಟ್‌ಬೋರ್ಡಿನ (ಫ್ರೆಟ್ಟುಗಳಿರುವ ಮುಂಭಾಗದ ಹಲಗೆ) ಅಂಚನ್ನು ಸೇರುವ ಕಡೆ, ಅಂದರೆ ನೆಕ್ಕಿನ ಭುಜ, ಎಷ್ಟು ತುಂಬಿಕೊಂಡಿದೆ ಎನ್ನುವುದು ನನ್ನ ದೃಷ್ಟಿಯಲ್ಲಿ ಹೆಚ್ಚು ಮುಖ್ಯ. 'ಡಿ' ಆಕಾರದ ತೆಳು ನೆಕ್ಕಿನ ಬೆನ್ನು ಚಪ್ಪಟೆಯಾಗಿದ್ದು ಭುಜಗಳು ತುಂಬಿರುತ್ತವೆ. ಹೀಗಾಗಿ ಅಳತೆಗೋಲಿನಲ್ಲಿ ತೆಳ್ಳಗಿದ್ದರೂ ಗಿಡ್ಡ ಬೆರಳಿಗೆ ಅದು ಅಗಲವೆನಿಸಬಹುದು. 'ವಿ' ಆಕಾರದಲ್ಲಿ ನಡುವೆ ಏಣು (ಉಬ್ಬಿದ ಅಂಚು) ಇದ್ದು ಭುಜಗಳು ಇಳಿಜಾರಾಗಿರುತ್ತವೆ. 1988ರಲ್ಲಿ ಬಂದ ಗಿಟಾರ್ ವಾದಕ ಎರಿಕ್ ಕ್ಲಾಪ್ಟನ್ ಹೆಸರಿನ, ಫೆಂಡರ್ ಕಂಪನಿಯ ಸ್ಟ್ರಾಟೊಕಾಸ್ಟರ್ ಗಿಟಾರಿಗೆ ಮೃದುವಾದ 'ವಿ' ನೆಕ್ ಇದೆ. ಹೆಬ್ಬೆರಳನ್ನು ಮೇಲಿನಿಂದ ಸುತ್ತಿ ಹಿಡಿಯುವವರ ಅಂಗೈಗೆ ಆ ಏಣು ಚೆನ್ನಾಗಿ ಕೂರುತ್ತದೆ. ಆದರೆ ಆರನೇತಂತಿ ಅವರ ಹೆಬ್ಬೆರಳು ನೇರವಾಗಿ ಏಣಿನ ಮೇಲೆಯೇ ನಿಲ್ಲುವುದರಿಂದ ಅವರಿಗೆ ಅದನ್ನು ನಾನು ಸೂಚಿಸುವುದಿಲ್ಲ.

ದುರಸ್ತಿಕಟ್ಟೆ:
ಗಿಟಾರುಗಳ ಸೆಟಪ್ (ತಂತಿಯ ಎತ್ತರ, ನೆಕ್ಕಿನ ಬಾಗು ಮುಂತಾದವನ್ನು ಹೊಂದಿಸುವ ಕೆಲಸ) ಮಾಡಿಕೊಂಡು ಬದುಕುವವನಾಗಿ ಒಂದು ಮಾತನ್ನು ಸೇರಿಸಬೇಕು. ಅಂಗಡಿಯಲ್ಲಿ ತೂಗುಹಾಕಿದ ಗಿಟಾರಿನ ನೆಕ್ ಕೈಗೆ ಆಗುವುದಿಲ್ಲ ಎನ್ನುವವರಲ್ಲಿ ಬಹಳಷ್ಟು ಮಂದಿಯ ತೊಂದರೆ ನೆಕ್ಕಿನ ಆಕಾರದಲ್ಲಿ ಇರುವುದೇ ಇಲ್ಲ, ನಟ್‌ನಲ್ಲಿ, ಅಂದರೆ ನೆಕ್ಕಿನ ಮೇಲ್ತುದಿಯಲ್ಲಿ ತಂತಿಗಳು ಕೂರುವ ಸೀಳುಪಟ್ಟಿಯಲ್ಲಿ, ಇರುತ್ತದೆ. ಕಾರ್ಖಾನೆಯಿಂದ ಬರುವ ಅಗ್ಗದ ಗಿಟಾರುಗಳ ನಟ್‌ನ ಸೀಳುಗಳನ್ನು ಸಾಮಾನ್ಯವಾಗಿ ಸಾಕಷ್ಟು ಆಳಕ್ಕೆ ಕೊರೆದಿರುವುದಿಲ್ಲ; ತಂತಿ ಮೊದಲ ಫ್ರೆಟ್ಟಿನ ಮೇಲೆ ಎತ್ತರದಲ್ಲಿ ನಿಂತಿರುತ್ತದೆ, ಎಫ್ ಬಾರ್ ಕಾರ್ಡ್ ಹಿಡಿಯುವವರು ತಂತಿಯೊಡನೆ ಗುದ್ದಾಡಿ ನೆಕ್ಕನ್ನು ದೂರುತ್ತಾರೆ. ಪರೀಕ್ಷೆ ಸುಲಭ. ಎರಡನೆಯ ಮತ್ತು ಮೂರನೆಯ ಫ್ರೆಟ್ಟುಗಳ ನಡುವೆ ತಂತಿಯನ್ನು ಒತ್ತಿ ಹಿಡಿದು, ಅದು ಮೊದಲ ಫ್ರೆಟ್ಟಿನಿಂದ ಎಷ್ಟು ಮೇಲಿದೆ ಎಂದು ನೋಡಿ. ಕೂದಲೆಳೆಯಷ್ಟು ಬೆಳಕು ಕಂಡರೆ ಸಾಕು. ಅದಕ್ಕಿಂತ ಸ್ಪಷ್ಟವಾಗಿ ಹೆಚ್ಚಿದ್ದರೆ ಆ ಗಿಟಾರಿನ ನೆಕ್ ಕುರಿತು ಆ ದಿನ ಯಾವ ತೀರ್ಪನ್ನೂ ಕೊಡಬೇಡಿ.

ಆಮೇಲೆ ನೆಕ್ಕಿನ ಬಾಗು. ಆರನೆಯ ತಂತಿಯನ್ನು ಮೊದಲ ಫ್ರೆಟ್ಟಿನಲ್ಲಿಯೂ ಕೊನೆಯ ಫ್ರೆಟ್ಟಿನಲ್ಲಿಯೂ ಒಟ್ಟಿಗೆ ಒತ್ತಿದಾಗ ಏಳೆಂಟನೆಯ ಫ್ರೆಟ್ಟಿನ ಬಳಿ ಸುಮಾರು 0.25 ಮಿ.ಮೀ. ಅಂತರವಿದ್ದರೆ ಒಳ್ಳೆಯದು. ಹೆಚ್ಚಿದ್ದರೆ ನೆಕ್ಕಿನ ಒಳಗಿರುವ ಲೋಹದ ಸರಳನ್ನು, ಅಂದರೆ ಟ್ರಸ್ ರಾಡನ್ನು, ಬಿಗಿಸಿ ಸರಿಪಡಿಸಬಹುದು, ನೆಕ್ ಬದಲಿಸಬೇಕಾಗಿಲ್ಲ. ಒಂದು ಗಿಟಾರಿಗೆ 9ರ ತೆಳು ತಂತಿ, ಇನ್ನೊಂದಕ್ಕೆ 11ರ ದಪ್ಪ ತಂತಿ ಕಟ್ಟಿರುವಾಗ ಎರಡು ನೆಕ್ಕುಗಳನ್ನು ಹೋಲಿಸಿ ನೋಡುವುದರಲ್ಲಿಯೂ ಅರ್ಥವಿಲ್ಲ.

ಮಿಂಚುಬೆರಳು:
ಸೆಟಪ್ ಸರಿಯಿರಬೇಕು ಎನ್ನುವುದನ್ನು ಯಾರೂ ಅಲ್ಲಗಳೆಯುವುದಿಲ್ಲ, ಆದರೆ ಅದು ಎಲ್ಲ ಗಿಟಾರಿಗೂ ಅನ್ವಯಿಸುವ ಮಾತು. ಸೆಟಪ್ ಮುಗಿದ ಮೇಲೂ ಆಯ್ಕೆಯ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ಬೀಟೆಮರ ಅವರು ಬಿಟ್ಟ ಒಂದು ಅಂಶವೆಂದರೆ ಅಗಲ. ಕ್ಲಾಸಿಕಲ್ ಗಿಟಾರಿನ ನಟ್ ಸಾಮಾನ್ಯವಾಗಿ 52 ಮಿ.ಮೀ. ಅಗಲ, ಫ್ರೆಟ್‌ಬೋರ್ಡ್ ಬಹುಪಾಲು ಚಪ್ಪಟೆ. ಹಳೆಯ ಮಾದರಿಯ ಫೆಂಡರಿನ ನಟ್ 42 ಮಿ.ಮೀ., ಅದರ ಫ್ರೆಟ್‌ಬೋರ್ಡಿನ ರೇಡಿಯಸ್ (ಅಡ್ಡಬಾಗಿನ ತ್ರಿಜ್ಯ; ಕಡಿಮೆಯಾದಷ್ಟೂ ಹೆಚ್ಚು ಗುಂಡಗೆ) 184 ಮಿ.ಮೀ., ಎಂದರೆ ಸಾಕಷ್ಟು ಗುಂಡಗೆ. ಚಪ್ಪಟೆಗೆ ಒಗ್ಗಿದ ಬೆರಳಿಗೆ ಇದು ತೀರ ಅಪರಿಚಿತ. ಈಗಿನ ಫೆಂಡರ್‌ಗಳಲ್ಲಿ ರೇಡಿಯಸ್ ಹೆಚ್ಚಾಗಿ 241 ಮಿ.ಮೀ., ಗಿಬ್ಸನ್ನಿನಲ್ಲಿ 305, ನಾನು ಹೇಳಿದ ವಿಝರ್ಡ್ ನೆಕ್ಕಿನಲ್ಲಿ 400. ಅಗಲ 43 ಮಿ.ಮೀ., ಮೇಲ್ಮೈ ಸುಮಾರು ಚಪ್ಪಟೆ: ಆರನೇತಂತಿ ಅವರ ಹಳೆಯ ವಾದ್ಯಕ್ಕೆ ಎಲೆಕ್ಟ್ರಿಕ್ ಗಿಟಾರುಗಳಲ್ಲಿ ಹತ್ತಿರವಾದದ್ದು ಇದೇ ಅಲ್ಲವೆ?

ಗಮಕಪ್ರಿಯ:
ರೇಡಿಯಸ್ಸಿನ ಮಾತು ಬಂದದ್ದು ಒಳ್ಳೆಯದಾಯಿತು. ನಾನು ಎಲೆಕ್ಟ್ರಿಕ್ ಗಿಟಾರಿನಲ್ಲಿ ಕರ್ನಾಟಕ ಸಂಗೀತ ನುಡಿಸುವವನು, ತಂತಿಯನ್ನು ಅಡ್ಡಕ್ಕೆ ಎಳೆಯುವುದು ನನಗೆ ಅಲಂಕಾರವಲ್ಲ, ರಾಗವೇ ಅದರ ಮೇಲೆ ನಿಂತಿದೆ. ತೋಡಿಯ ಗಾಂಧಾರದಂತಹ ಸ್ವರಕ್ಕಾಗಿ ಮೊದಲ ತಂತಿಯನ್ನು ಗುಂಡಗಿನ ಫ್ರೆಟ್‌ಬೋರ್ಡಿನ ಮೇಲೆ ನಡುವಿನ ಕಡೆಗೆ ಎಳೆದರೆ, ಮುಂದಿನ ಫ್ರೆಟ್ಟುಗಳ ಎತ್ತರವಾದ ನಡುಭಾಗಕ್ಕೆ ತಂತಿ ತಾಗಿ ನಾದ ಕಟ್ಟಿಹೋಗುತ್ತದೆ. ತಂತಿಯನ್ನು ಎತ್ತರಿಸಿ ಇದನ್ನು ತಪ್ಪಿಸಬಹುದು. ಆಗ ಬೆರಳು ನೋಯುತ್ತದೆ. ಹಾಗಾಗಿ 305 ಮಿ.ಮೀ.ಗಿಂತ ಕಡಿಮೆ ರೇಡಿಯಸ್ಸಿನ ನೆಕ್ಕನ್ನು ನಾನು ಮುಟ್ಟುವುದಿಲ್ಲ, ಫ್ರೆಟ್ಟುಗಳು ಎತ್ತರವಾಗಿರಲಿ ಎಂದೂ ಬಯಸುತ್ತೇನೆ. ಇದೇ ದಾರಿಯಲ್ಲಿ ಇನ್ನೂ ಮುಂದೆ ಹೋದವರಿದ್ದಾರೆ: ಭಾರತೀಯ ಸಂಗೀತವನ್ನು ಜಾಝ್ ಜೊತೆ ಬೆಸೆದ 'ಶಕ್ತಿ' ತಂಡದಲ್ಲಿದ್ದಾಗ ಇಂಗ್ಲೆಂಡಿನ ಗಿಟಾರ್ ವಾದಕ ಜಾನ್ ಮೆಕ್‌ಲಾಫ್ಲಿನ್ ನುಡಿಸಿದ ಗಿಟಾರಿನಲ್ಲಿ ಫ್ರೆಟ್ಟುಗಳ ನಡುವಿನ ಮರವನ್ನು ಕುಳಿಯಾಗಿ ಕೆತ್ತಲಾಗಿತ್ತು.

ದಪ್ಪದ ವಿಷಯದಲ್ಲಿ ಮಾತ್ರ ನಾನು ಬೀಟೆಮರ ಅವರ ಪರ. ತಂತಿಯನ್ನು ಎಳೆಯುವಾಗ ತೋರುಬೆರಳಿನ ಬುಡ ನೆಕ್ಕಿನ ಅಂಚಿಗೆ ಆತುಕೊಂಡು, ಮಣಿಕಟ್ಟು ತಿರುಗಬೇಕು. ತೀರ ತೆಳ್ಳನೆಯ ನೆಕ್ಕಿನಲ್ಲಿ ಆ ಆಸರೆ ಸಿಗದೆ ಬೆರಳುಗಳೇ ಎಲ್ಲ ಬಲವನ್ನೂ ಹಾಕಬೇಕಾಗುತ್ತದೆ.

ಕಡಲದಂಡೆ:
ಮಂಗಳೂರಿನಿಂದ ಬರೆಯುತ್ತಿದ್ದೇನೆ. ನಮ್ಮ ಸೆಕೆಯಲ್ಲಿ ದಪ್ಪ, ರೇಡಿಯಸ್ಸುಗಳಿಗಿಂತ ಮೊದಲು ಕೈಗೆ ತಿಳಿಯುವುದು ನೆಕ್ಕಿನ ಮೇಲಿನ ಲೇಪ. ಕನ್ನಡಿಯಂತೆ ಹೊಳೆಯುವ ಲೇಪಕ್ಕೆ ಬೆವರಿದ ಅಂಗೈ ಅಂಟಿಕೊಂಡು ಕೈ ಜಾರುವುದೇ ಇಲ್ಲ. ಮಂದ ಹೊಳಪಿನ ಸ್ಯಾಟಿನ್ ಲೇಪವಿರುವುದನ್ನೇ ನೋಡಿ ಕೊಳ್ಳಿ. ಮೇಪಲ್ ಫ್ರೆಟ್‌ಬೋರ್ಡಿಗೆ ಸಾಮಾನ್ಯವಾಗಿ ಲೇಪವಿರುತ್ತದೆ, ರೋಸ್‌ವುಡ್ಡಿಗೆ ಇರುವುದಿಲ್ಲ. ಅಂದಹಾಗೆ ಇಂಡಿಯನ್ ರೋಸ್‌ವುಡ್ ಎಂದು ವಿದೇಶಿ ಕಂಪನಿಗಳು ಬರೆಯುವ ಮರ ನಮ್ಮ ಘಟ್ಟದ ಬೀಟೆಯೇ. ಒಣಹವೆಯ ಊರಿನವರಿಗೆ ಇನ್ನೊಂದು ತೊಂದರೆಯಿದೆ: ಬೇಸಿಗೆಯಲ್ಲಿ ಮರ ಕುಗ್ಗಿ, ಕುಗ್ಗದ ಫ್ರೆಟ್ಟುಗಳ ತುದಿಗಳು ಅಂಚಿನಿಂದ ಹೊರಗೆ ಚಾಚಿ ಕೈಯನ್ನು ಗೀರುತ್ತವೆ.

ಆರನೇತಂತಿ:
ಎಲ್ಲರಿಗೂ ವಂದನೆಗಳು. ಒಂದು ಪ್ರಶ್ನೆ ಉಳಿದಿದೆ. ಬೆರಳು ಗಿಡ್ಡವಿರುವವರು ನೆಕ್ಕಿನ ದಪ್ಪಕ್ಕಿಂತ ತಂತಿಯ ಉದ್ದವನ್ನು, ಅಂದರೆ ಸ್ಕೇಲನ್ನು, ನೋಡಬೇಕೆಂದು ಪರಿಚಿತರೊಬ್ಬರು ಹೇಳುತ್ತಾರೆ. ಗಿಬ್ಸನ್ 628 ಮಿ.ಮೀ., ಫೆಂಡರ್ 648 ಮಿ.ಮೀ. ಈ 20 ಮಿ.ಮೀ. ವ್ಯತ್ಯಾಸ ಕೈಗೆ ತಿಳಿಯುವಂಥದ್ದೆ?

ದುರಸ್ತಿಕಟ್ಟೆ:
ತಿಳಿಯುತ್ತದೆ, ಆದರೆ ಜನ ಹೇಳುವಷ್ಟಲ್ಲ. ಮೊದಲ ಫ್ರೆಟ್ಟಿನಿಂದ ನಾಲ್ಕನೆಯದಕ್ಕೆ ಇರುವ ದೂರ 648ರ ಸ್ಕೇಲಿನಲ್ಲಿ ಸುಮಾರು 97 ಮಿ.ಮೀ., 628ರಲ್ಲಿ ಸುಮಾರು 94. ಬೆರಳು ಚಾಚುವುದರಲ್ಲಿ ಉಳಿಯುವುದು ಮೂರು ಮಿಲಿಮೀಟರು ಮಾತ್ರ. ಆದರೆ ಅದೇ ತಂತಿ, ಅದೇ ಶ್ರುತಿ ಇಟ್ಟುಕೊಂಡರೆ ಗಿಡ್ಡ ಸ್ಕೇಲಿನಲ್ಲಿ ತಂತಿಯ ಬಿಗಿತ ಸುಮಾರು ಶೇ. 6ರಷ್ಟು ಕಡಿಮೆಯಾಗುತ್ತದೆ, ನೈಲಾನ್ ತಂತಿಯಿಂದ ಬರುವವರಿಗೆ ಈ ಲಾಭವೇ ದೊಡ್ಡದು. ನೀವು ನುಡಿಸುತ್ತಿರುವ ಕ್ಲಾಸಿಕಲ್ ಗಿಟಾರಿನ ಸ್ಕೇಲ್ ಸಾಮಾನ್ಯವಾಗಿ 650 ಮಿ.ಮೀ. ಇರುತ್ತದೆ ಎನ್ನುವುದನ್ನೂ ನೆನಪಿಡಿ. ಅದರಲ್ಲಿ ಇಷ್ಟು ವರ್ಷ ನುಡಿಸಿದ ಬೆರಳುಗಳು ಎಲೆಕ್ಟ್ರಿಕ್ ಗಿಟಾರಿಗೆ ಗಿಡ್ಡವಾಗಲಾರವು.

ಬೀಟೆಮರ:
ಈ ಕೊನೆಯ ಮಾತು ಅಂಗಡಿಯವರ ವಾದದ ಬುಡವನ್ನೇ ಅಲುಗಿಸುತ್ತದೆ. 305 ಮಿ.ಮೀ. ರೇಡಿಯಸ್, 43 ಮಿ.ಮೀ. ನಟ್, ಮೊದಲ ಫ್ರೆಟ್ಟಿನ ಬಳಿ 21 ಮಿ.ಮೀ. ಆಸುಪಾಸಿನ 'ಸಿ' ಆಕಾರ, ಇಳಿಜಾರು ಭುಜ: ನಾನಾದರೆ ಅಲ್ಲಿಂದ ಹುಡುಕಲು ಆರಂಭಿಸುತ್ತಿದ್ದೆ.

ಮಿಂಚುಬೆರಳು:
ಭುಜದ ವಿಚಾರವನ್ನು ಒಪ್ಪುತ್ತೇನೆ, 21 ಮಿ.ಮೀ. ಈಗಲೂ ನನಗೆ ಹೆಚ್ಚೇ. ಆರನೇತಂತಿ ಅವರಿಗೆ ಒಂದು ವಿನಂತಿ: ಅಂಗಡಿಯಲ್ಲಿ ಕುಳಿತು ನುಡಿಸಿ ನಿರ್ಧರಿಸಬೇಡಿ. ಕ್ಲಾಸಿಕಲ್ ಗಿಟಾರನ್ನು ಎಡತೊಡೆಯ ಮೇಲಿಟ್ಟು ನೆಕ್ಕನ್ನು ಮೇಲಕ್ಕೆತ್ತಿ ಹಿಡಿಯುವ ನೀವು, ಎಲೆಕ್ಟ್ರಿಕ್ ಗಿಟಾರನ್ನು ಬಲತೊಡೆಯ ಮೇಲಿಟ್ಟರೆ ಮಣಿಕಟ್ಟು ಬೇರೆ ಕೋನಕ್ಕೆ ಹೋಗುತ್ತದೆ. ಅಂದಿನ ನೋವಿಗೆ ಅದೂ ಒಂದು ಕಾರಣವಾಗಿರಬಹುದು. ಸ್ಟ್ರ್ಯಾಪ್ ಹಾಕಿಕೊಂಡು, ಗಿಟಾರನ್ನು ಎದೆಯ ಹತ್ತಿರಕ್ಕೆ ಎತ್ತರಿಸಿಕೊಂಡು, ನಿಂತು ಎರಡೂ ನೆಕ್ಕುಗಳನ್ನು ಇನ್ನೊಮ್ಮೆ ನುಡಿಸಿ ನೋಡಿ, ನಟ್‌ನ ಪರೀಕ್ಷೆಯನ್ನು ಮರೆಯದೆ.