ಅಪ್ಪನ ಹವಾಯಿಯನ್ ಗಿಟಾರ್: ಪಿಕಪ್ ಯಾವುದು, ಬದಲಿಸಬೇಕಾ?

ದಾವಣಗೆರೆ ತಂತಿ:
ಎಲ್ಲರಿಗೂ ನಮಸ್ಕಾರ. ನಮ್ಮಪ್ಪ ಊರಿನ ಆರ್ಕೆಸ್ಟ್ರಾದಲ್ಲಿ ಎಲೆಕ್ಟ್ರಿಕ್ ಹವಾಯಿಯನ್ ಗಿಟಾರ್ ನುಡಿಸುತ್ತಿದ್ದರು. ಗಣಪತಿ ಹಬ್ಬ ಬಂತೆಂದರೆ ರಾತ್ರಿ ಹೊತ್ತು ಮನೆಯಲ್ಲೇ ಇರುತ್ತಿರಲಿಲ್ಲ. ಆ ಗಿಟಾರ್ ಇಪ್ಪತ್ತು ವರ್ಷ ಅಟ್ಟದ ಮೇಲಿತ್ತು. ಹೋದ ತಿಂಗಳು ಇಳಿಸಿ ಒರೆಸಿ, ಅಂಗಡಿಯಲ್ಲಿ ಸಿಕ್ಕಿದ ಹೊಸ ತಂತಿ ಹಾಕಿದೆ. ಆಂಪ್‌ಗೆ ಕೊಟ್ಟರೆ ಗುಂಯ್ ಅನ್ನುವ ಸದ್ದೇ ಜಾಸ್ತಿ. ಸಣ್ಣ ತಂತಿ ಎರಡೂ ಜೋರಾಗಿ ಕೇಳುತ್ತವೆ, ದಪ್ಪ ನಾಲ್ಕು ಪಕ್ಕದ ಓಣಿಯಲ್ಲಿ ನುಡಿದ ಹಾಗಿವೆ. ನಡುವೆ ಒಮ್ಮೊಮ್ಮೆ ಎಲ್ಲವೂ ಕೀರಲಾಗಿ ಸಣ್ಣಗಾಗುತ್ತದೆ.

ಪಿಕಪ್, ಅಂದರೆ ತಂತಿಯ ಕಂಪನವನ್ನು ಕರೆಂಟ್ ಮಾಡಿ ಆಂಪ್‌ಗೆ ಕಳಿಸುವ ಭಾಗ, ಅದರ ಮೇಲೆ ಹೆಸರಿಲ್ಲ. ಬಿಚ್ಚಿದರೆ ತಾಮ್ರದ ಎಳೆಯ ಕಾಯಿಲ್ ಸುತ್ತಿದ ಕರಿ ಬಾಬಿನ್, ನಡುವೆ ಒಂದೇ ಉದ್ದನೆಯ ಕಬ್ಬಿಣದ ಪಟ್ಟಿ, ಕೆಳಗೆ ಆಯಸ್ಕಾಂತ, ಬಟ್ಟೆ ಸುತ್ತಿದ ಎರಡು ವೈರು. ಮಲ್ಟಿಮೀಟರನ್ನು 20ಕೆ ಓಮ್‌ಗೆ ಇಟ್ಟರೆ ಒಮ್ಮೆ 7.2 ತೋರಿಸುತ್ತದೆ, ಒಮ್ಮೆ ಬರೀ 1. ಆನ್‌ಲೈನಲ್ಲಿ ಪೆಡಲ್ ಸ್ಟೀಲ್ (ಕಾಲಿನ ಪೆಡಲ್ ಇರುವ ಸ್ಟೀಲ್ ಗಿಟಾರ್) ಪಿಕಪ್ ಕಾಣಿಸಿತು. ಅದನ್ನೇ ತರಿಸಿ ಹಾಕಿಬಿಡಲಾ?

ದುರ್ಗದ ಸ್ಟೀಲ್:
ತಮ್ಮಾ, ದುಡ್ಡು ಹಾಕಬೇಡ, ಸ್ವಲ್ಪ ತಡಿ. ಮೊದಲು ತಂತಿ ನೋಡು. ದಪ್ಪ ತಂತಿಗಳ ಸುತ್ತು ಹೊಂಬಣ್ಣ ಇದೆಯಾ? ಹಾಗಿದ್ದರೆ ಅದು ಅಕೌಸ್ಟಿಕ್ ಗಿಟಾರಿನ ಬ್ರಾಂಜ್ ತಂತಿ. ಪಿಕಪ್ಪಿಗೆ ಕಬ್ಬಿಣವೋ ನಿಕ್ಕಲ್ಲೋ ಬೇಕು, ಬ್ರಾಂಜ್ ಆಯಸ್ಕಾಂತಕ್ಕೆ ಜಗ್ಗುವುದಿಲ್ಲ, ಒಳಗಿನ ಸಣ್ಣ ಉಕ್ಕಿನ ಎಳೆಯಷ್ಟೇ ಕೆಲಸ ಮಾಡುತ್ತದೆ. ನಿನ್ನ ನಾಲ್ಕು ತಂತಿ ಮಂಕಾಗಿರುವುದು ಇದಕ್ಕೇ ಅಂತ ನನಗನ್ನಿಸುತ್ತದೆ. ನಿಕ್ಕಲ್ ಸುತ್ತಿನ ಎಲೆಕ್ಟ್ರಿಕ್ ಸೆಟ್ ಹಾಕು.

ಯಾವ ಪಿಕಪ್ ಅಂತ ನೀನು ಕೇಳಿದೆಯಲ್ಲ. ತಂತಿಗಳ ಮೇಲೆ ಕುದುರೆ ಲಾಳದಂಥ ಎರಡು ಆಯಸ್ಕಾಂತ ಬಾಗಿಕೊಂಡಿದ್ದರೆ ಅದು 1930ರ ದಶಕದ ರಿಕನ್‌ಬ್ಯಾಕರ್ ಜಾತಿ. ಒಂದೊಂದು ತಂತಿಗೂ ಒಂದೊಂದು ದುಂಡು ಕಡ್ಡಿ ಇದ್ದರೆ ಫೆಂಡರ್ ಥರ. ಒಂದೇ ಪಟ್ಟಿಯದನ್ನು ಗಿಬ್ಸನ್ ಕಂಪನಿ ತನ್ನ ಹಳೇ ಸ್ಟೀಲ್ ಗಿಟಾರ್‌ಗಳಲ್ಲಿ (ಹವಾಯಿಯನ್ ಗಿಟಾರಿಗೇ ಈ ಹೆಸರು) ಹಾಕುತ್ತಿತ್ತು, ಆಮೇಲೆ ಬೇರೆಯವರೂ ಮಾಡಿದರು, ಹಾಗಾಗಿ ಪಟ್ಟಿ ನೋಡಿ ಕಂಪನಿ ಹೇಳಲು ಆಗುವುದಿಲ್ಲ. ಪೆಡಲ್ ಸ್ಟೀಲ್ ಪಿಕಪ್ ಸಾಮಾನ್ಯವಾಗಿ 10 ತಂತಿಯದು, ನಿನ್ನ ಆರು ತಂತಿಯ ಗುಂಡಿಯಲ್ಲಿ ಕೂರುವುದಿಲ್ಲ. ಬೇರೆ ಏನೇ ತರಿಸುವುದಾದರೂ ಪಿಕಪ್ ಮೇಲೆ ಮೊದಲ ತಂತಿಯಿಂದ ಆರನೆಯದಕ್ಕೆ ಎಷ್ಟು ಮಿಲಿಮೀಟರ್ ಅಂತ ಅಳೆದುಕೋ.

7.2 ಬರುತ್ತಿದೆ ಅಂದರೆ ಕಾಯಿಲ್ ಜೀವಂತ ಇದೆ. ತಂತಿಗಳನ್ನು ಕೈಯಿಂದ ಮುಟ್ಟಿದಾಗ ಗುಂಯ್ ಕಮ್ಮಿ ಆಗದಿದ್ದರೆ ಬ್ರಿಡ್ಜಿನ (ತಂತಿಗಳು ಕೂರುವ ಪಟ್ಟಿಯ) ಅರ್ತ್ ವೈರು ಕಿತ್ತಿರಬಹುದು. ಅದನ್ನೂ ನೋಡು.

ವೈಂಡಿಂಗ್ ಕೆಲಸ:
ಚಳ್ಳಕೆರೆಯಲ್ಲಿ ಮೋಟಾರ್ ವೈಂಡಿಂಗ್ ಮಾಡುತ್ತೇನೆ, ಬೋರ್‌ವೆಲ್ ಮೋಟಾರು, ಫ್ಯಾನು. ಮೀಟರ್ ಬರೀ 1 ತೋರಿಸಿದರೆ ದಾರಿ ತುಂಡಾಗಿದೆ ಅಂತ. ಒಮ್ಮೆ 7.2, ಒಮ್ಮೆ 1 ಅಂದರೆ ಕಾಯಿಲ್ ತುದಿಗೆ ಬಟ್ಟೆ ವೈರು ಕೂಡುವ ಜಾಗದಲ್ಲೇ ಬಿಟ್ಟಿರುತ್ತದೆ. ಅಲ್ಲಿ ಹಸಿರು ಕಿಲುಬು ಇರುತ್ತದೆ, ಭೂತಗನ್ನಡಿ ಹಿಡಿದು ನೋಡಿ. ತುದಿಯ ಎನಾಮಲ್ಲನ್ನು ಸಣ್ಣ ಉಪ್ಪುಕಾಗದದಿಂದ ಉಜ್ಜಿ, 25 ವ್ಯಾಟ್ ಐರನ್ ಇಟ್ಟು ಬೆಸೆಯಿರಿ. ಆಸಿಡ್ ಪೇಸ್ಟ್ ಬೇಡವೇ ಬೇಡ, ರೋಸಿನ್ ಇರುವ ಬೆಸುಗೆ ಲೆಡ್ ಸಾಕು.

ಪೂರ್ತಿ ಸುತ್ತಲೇಬೇಕಾದರೆ ಒಂದು ಮಾತು ನೆನಪಿರಲಿ. ಗಿಟಾರಿನವರು ಎಳೆಯ ದಪ್ಪಕ್ಕೆ 42 ಗೇಜ್ ಅನ್ನುವುದು ಅಮೆರಿಕದ ಲೆಕ್ಕ, 0.063 ಮಿ.ಮೀ. ನಮ್ಮ ಅಂಗಡಿಗಳಲ್ಲಿ 42 ಕೇಳಿದರೆ ಎಸ್‌ಡಬ್ಲ್ಯೂಜಿ, ಅಂದರೆ ಬ್ರಿಟಿಷ್ ಲೆಕ್ಕದ 42 ಕೊಡುತ್ತಾರೆ, ಅದು 0.1 ಮಿ.ಮೀ. ಬೇಕಾದ ಸುತ್ತುಗಳಲ್ಲಿ ಅರ್ಧ ಹಾಕುವಷ್ಟರಲ್ಲಿ ಬಾಬಿನ್ ತುಂಬಿಹೋಗುತ್ತದೆ. ನಾನೊಂದು ಸಲ ಹೀಗೇ ಮೋಸಹೋಗಿ ಎರಡು ದಿನದ ಕೆಲಸ ಹಾಳಾಯಿತು. ನಮ್ಮ ಲೆಕ್ಕದ 46 ಕೇಳಬೇಕು. ಫ್ಯಾನಿಗೆ ಹಾಕುವ 36ರ ಮುಂದೆ ಅದು ಜೇಡರ ಎಳೆ. ಕೈ ಬೆವರಿದರೂ ತುಂಡಾಗುತ್ತದೆ.

ದಾವಣಗೆರೆ ತಂತಿ:
ಅಣ್ಣ, ಇಬ್ಬರೂ ಹೇಳಿದ್ದು ಸರಿ. ತಂತಿ ಬ್ರಾಂಜೇ ಆಗಿತ್ತು, ಬದಲಿಸಿದೆ. ಬೆಸುಗೆಯ ಹತ್ತಿರ ಸಾಸಿವೆ ಕಾಳಿನಷ್ಟು ಹಸಿರು ಕಿಲುಬು, ಅದರ ಕೆಳಗೆ ಎಳೆ ಬಿಟ್ಟಿತ್ತು. ಬೆಸೆದ ಮೇಲೆ ಮೀಟರ್ 7.2ರಲ್ಲೇ ನಿಂತಿದೆ. ಬ್ರಿಡ್ಜಿನ ಅರ್ತ್ ಕೂಡ ಕಿತ್ತಿತ್ತು, ಸೇರಿಸಿದೆ. ಗುಂಯ್ ಪೂರ್ತಿ ಹೋಗಿಲ್ಲ, ಆದರೆ ನುಡಿಸುವಾಗ ಗೊತ್ತಾಗುವುದಿಲ್ಲ.

ನಿನ್ನೆ ಸಂಜೆ ಅಪ್ಪನ ಮಡಿಲಲ್ಲಿಟ್ಟೆ. ಮೊದಲು ಬೇಡ ಅಂದರು. ಆಮೇಲೆ ಸ್ಟೀಲ್ ಬಾರನ್ನು ಪಂಚೆಗೆ ಒರೆಸಿಕೊಂಡು, ದಪ್ಪ ತಂತಿಯ ಮೇಲೆ ಸ್ವರದಿಂದ ಸ್ವರಕ್ಕೆ ಜಾರಿಸುತ್ತ ಒಂದೇ ಒಂದು ಮೀಂಡ್ ಎಳೆದರು. ಅಡುಗೆಮನೆಯಿಂದ ಅಮ್ಮ ಕೈಯಲ್ಲಿ ಸೌಟು ಹಿಡಿದೇ ಬಂದು ನಿಂತರು.